ಬೀಳಿ ಗೌಡ್ರೇ, ಬೆಳಕಾಗ್ತಿದೆ!

ರಾತ್ರಿ ಹನ್ನೊಂದೂಕಾಲು, ಬೆಳಗ್ಗೆ ನಮ್ಮ ಕನ್ನಡ ಸಂಘದ ಪತ್ರಿಕೆಯ ಪಿಡಿಎಫ್ ಹೋಗ್ಬೇಕು, ಸಂಪಾದಕೀಯದ ಜಾಗ ಇನ್ನೂ ಖಾಲಿ. ಅದಕ್ಕೇ ಭಾನುವಾರ ಪಾರ್ಕಲ್ಲಿ ನನ್ನ ಮಗಳು ಕೇಳಿದ್ದನ್ನೇ ಬರೀತಿದೀನಿ: "ಅಮ್ಮಾ, ಇದು ಇವ್ರ ಕನ್ನಡ ಸಂಘಾನಾ?"

ಇವ್ರು ಅಂದ್ರೆ ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರನಿಸಂನೋರು, 1600ಕ್ಕಿಂತ ಹಿಂದಿನ ಕಾಲದ ವೇಷ ಹಾಕ್ಕೊಂಡು ಕಾದಾಡೋ ಮಂದಿ. ಶುರುವಾಗಿದ್ದು ಇಲ್ಲೇ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ, 1966ರ ಮೇ 1ಕ್ಕೆ, ಒಂದು ಮನೆ ಹಿತ್ತಲಲ್ಲಿ. ಆಮೇಲೆ ಪಾರ್ಕ್ ಬುಕ್ ಮಾಡೋಕೆ ಸಂಘಕ್ಕೊಂದು ಹೆಸರು ಬೇಕು ಅಂದಾಗ ಈ ಉದ್ದದ ಹೆಸರು ಹುಟ್ಟಿದ್ದಂತೆ (ಹಾಲ್ ಬುಕಿಂಗ್ ಫಾರಂ ತುಂಬಿದ ನಮ್ಮ ಕಮಿಟಿಯೋರು ನಗ್ತಿರ್ತಾರೆ). ಇಲ್ಲಿನ ಶಾಖೆ ಪ್ರಾವಿನ್ಸ್ ಆಫ್ ದಿ ಮಿಸ್ಟ್ಸ್, ಮಂಜಿನ ಸೀಮೆ. ಕತ್ತಿ ಅಂದ್ರೆ ಬೆತ್ತ, ಮೇಲೆ ಡಕ್ಟ್ ಟೇಪ್, ಹೆಲ್ಮೆಟ್ ಮಾತ್ರ ಅಸಲಿ ಉಕ್ಕಿಂದು. ಏಟು ಸರಿಯಾಗಿ ಬಿತ್ತೋ ಇಲ್ವೋ ಅಂತ ಹೇಳೋನು ರೆಫರಿ ಅಲ್ಲ, ತಿಂದೋನೇ. ಕಾಲಿಗೆ ಬಿತ್ತಾ, ತಾನೇ ಮಂಡಿಯೂರಿ ಕಾದಾಡ್ತಾನೆ, ತಲೆಗೆ ಬಿತ್ತಾ, ತಾನೇ ಒಪ್ಕೊಂಡು ಬೀಳ್ತಾನೆ.

ನಂಗೆ ದೊಡ್ಡಪ್ಪ ನೆನಪಾದ್ರು. ತಿಪಟೂರು ಕಡೆ ನಮ್ಮೂರ ಕುರುಕ್ಷೇತ್ರ ನಾಟಕದಲ್ಲಿ ಅವರದ್ದು ದುರ್ಯೋಧನನ ಪಾರ್ಟು, ಅದಕ್ಕೆ ಎಲ್ಲರಿಗಿಂತ ಜಾಸ್ತಿ ದುಡ್ಡು ಕಟ್ಟಿದ್ರು, ಕಿರೀಟ ಭುಜಕೀರ್ತಿ ಎಲ್ಲ ತುಮಕೂರಿಂದ ಬಾಡಿಗೆಗೆ ಬಂದಿತ್ತು. ಬೆಳಗಿನ ಜಾವ ನಾಲ್ಕೂವರೆಗೆ ಭೀಮ ತೊಡೆಗೆ ಗದೆ ಬೀಸಿದ, ದೊಡ್ಡಪ್ಪ ಬೀಳಲೇ ಇಲ್ಲ. ಇನ್ನೂ ಒಂದು ಪದ ಬಾಕಿ ಇತ್ತಲ್ಲ! ಭೀಮ ಮತ್ತೆ ಹೊಡೆದ, ಊಹೂಂ. ಹಾರ್ಮೋನಿಯಂ ಮೇಷ್ಟ್ರು "ಬೀಳಿ ಗೌಡ್ರೇ, ಬೆಳಕಾಗ್ತಿದೆ" ಅಂತ ಕೈಮುಗಿದ್ಮೇಲೆ ಪೂರ್ತಿ ಹಾಡಿ ಬಿದ್ರು, ಜನ ಒನ್ಸ್ ಮೋರ್ ಅಂದ್ರು, ಎದ್ದು ಹಾಡಿ ಇನ್ನೊಂದ್ಸಲ ಸತ್ರು. ಎಂಟು ಗಂಟೆಗೆ ನಾನು ಹಿಟ್ಟಿನ ಗಿರಣಿಗೆ ಹೋದ್ರೆ ರಾಗಿ ಬೀಸ್ತಾ ನಿಂತಿದ್ರು, ಕಿವಿ ಹಿಂದೆ ಬಣ್ಣ ಹಂಗೇ ಇತ್ತು, ಮೇಲೆ ಹಿಟ್ಟು ಕೂತು ಗುಲಾಬಿ ಆಗಿತ್ತು.

ಸರಿ, ಸೂಚನೆಗಳು. ರಾಜ್ಯೋತ್ಸವ ನವೆಂಬರ್ ಎರಡನೇ ಶನಿವಾರ, ಮೂರು ಗಂಟೆಗೆ ಅಂದ್ರೆ ಮೂರಕ್ಕೇ, ಮಕ್ಕಳ ವೇಷಭೂಷಣದ ಹೆಸರು ಈ ವಾರವೇ ಕೊಡಿ, ಮೆಂಬರ್‌ಶಿಪ್ ಬಾಕಿ ಕಟ್ಟಿ, ತಟ್ಟೆ ಲೋಟ ಮನೆಯಿಂದ್ಲೇ ತನ್ನಿ. ಆ ಪಾರ್ಕಿನೋರು ಹೊಸಬರಿಗೆ ಅಂತ್ಲೇ ಎರವಲು ಬಟ್ಟೆ ಇಟ್ಟಿರ್ತಾರೆ, ನಾವೂ ಪಂಚೆ ಪೇಟದ್ದು ಒಂದು ಪೆಟ್ಟಿಗೆ ಮಾಡೋಣ ಅಂತ, ಯಾರ ಗ್ಯಾರೇಜಲ್ಲಿ ಜಾಗ ಇದೆ? ಹಾಗೇ ಮುಂದಿನ ಸಂಚಿಕೆಗೆ ಪ್ರೂಫ್ ನೋಡೋಕೆ ಯಾರಾದ್ರೂ ಬನ್ನಿ ಪ್ಲೀಸ್. ನಂಗೂ ಏಟು ಬಿದ್ದಿದೆ, ನಾನೇ ಒಪ್ಕೋತಿದೀನಿ, ಒನ್ಸ್ ಮೋರ್ ಅನ್ಬೇಡಿ.

ಹಾಂ, ಪಾಟ್‌ಲಕ್‌ಗೆ (ಒಬ್ಬೊಬ್ರು ಒಂದೊಂದು ಅಡುಗೆ ತರೋ ಊಟಕ್ಕೆ) ಆಗ್ಲೇ ಆರು ಜನ ಮೊಸರನ್ನ ಬರೆಸಿದಾರೆ. ಸಾಕು.