ಪುಟ್ಟಂಗೆ, ಬೋರ್ಡ್ ಬರೆಸೋ ಮುಂಚೆ ಎರಡು ಮಾತು

ಪುಟ್ಟಾ,

ಊರ ಬಾಗಿಲಲ್ಲಿ ನಿಲ್ಲಿಸೋ ಬೋರ್ಡಿಗೆ ನೀನು ಬರೆದು ಕಳ್ಸಿದ್ದು ನೋಡ್ದೆ. "ಪ್ರಪಂಚದಲ್ಲೇ ಮೊದಲು" ಅನ್ನೋದು ಸಾಲು ಸಾಲಿಗೂ ಬಂದಿದೆ. ಊರಿನ ಅಭಿಮಾನ ಬೇಡ ಅನ್ನೋ ಪೈಕಿ ನಾನಲ್ಲ ಅಂತ ನಿಂಗೂ ಗೊತ್ತು, ಆದ್ರೆ ಈ ಮಾತು ಹೇಳೋದು ಸುಲಭ, ನಾಳೆ ಯಾರಾದ್ರೂ ಹಳೇ ಪೇಪರ್ ಹಿಡ್ಕೊಂಡು ಬಂದು ಎದುರು ನಿಂತ್ರೆ ಉಳಿಸ್ಕೊಳ್ಳೋದು ಕಷ್ಟ ಕಣೋ. ಪೇಂಟರ್ ಕೈಗೆ ಕೊಡೋ ಮುಂಚೆ ದೊಡ್ಡಪ್ಪನ ಮಾತು ಸ್ವಲ್ಪ ಕೇಳು.

ಕರೆಂಟ್ ದೀಪದ್ದೇ ತಗೋ. ಅಮೆರಿಕದ ಇಂಡಿಯಾನಾದಲ್ಲಿ ವಾಬಾಶ್ ಅಂತ ಒಂದು ಸಣ್ಣ ಊರಿದೆ. 1880ರ ಮಾರ್ಚ್ 31ರ ರಾತ್ರಿ ಅಲ್ಲಿನ ಕೋರ್ಟ್ ಕಟ್ಟಡದ ಗುಮ್ಮಟದ ಮೇಲೆ ನಾಲ್ಕು ಆರ್ಕ್ ದೀಪ (ಎರಡು ಕಡ್ಡಿ ನಡುವೆ ಕರೆಂಟ್ ಹಾರಿ ಉರಿಯೋ ದೀಪ) ಹಚ್ಚಿದ್ರು, ಕರೆಂಟಿಂದ ಬೆಳಗಿದ ಮೊದಲ ಊರು ನಮ್ದೇ ಅಂತ ಇವತ್ತಿಗೂ ಹೇಳ್ಕೋತಾರೆ. ಆದ್ರೆ ಆ ದೀಪ ಮಾಡಿದ ಚಾರ್ಲ್ಸ್ ಬ್ರಶ್ ಅವರದ್ದೇ ದೀಪಗಳು ಕ್ಲೀವ್‌ಲ್ಯಾಂಡಿನ ಚೌಕದಲ್ಲಿ 1879ರಲ್ಲೇ ಉರಿದಿದ್ವು, ಪ್ಯಾರಿಸ್ಸಿನ ದೊಡ್ಡ ರಸ್ತೆಲಿ 1878ರಲ್ಲೇ ಬೆಳಕಿತ್ತು, ಇತ್ತ ಇಂಗ್ಲೆಂಡಿನ ನ್ಯೂಕ್ಯಾಸಲ್‌ನವರನ್ನ ಕೇಳಿದ್ರೆ ನಮ್ಮ ಜೋಸೆಫ್ ಸ್ವಾನ್ ಮಾಡಿದ ಬಲ್ಬು, ನಮ್ಮ ಮಾಸ್ಲಿ ಸ್ಟ್ರೀಟೇ ಮೊದಲು ಅಂತಾರೆ. ಯಾರದ್ದು ಸುಳ್ಳು? ಯಾರದ್ದೂ ಅಲ್ಲ. ಒಬ್ರದ್ದು ರಸ್ತೆ, ಒಬ್ರದ್ದು ಚೌಕ, ಒಬ್ರದ್ದು ಬಲ್ಬು, ವಾಬಾಶ್‌ದು ಇಡೀ ಊರು. ಆ ಷರತ್ತನ್ನ ಬೋರ್ಡಿಂದ ಕಿತ್ತು ಹಾಕಿದಾಗ್ಲೇ ಜಗಳ ಶುರು ಆಗೋದು. ನಿನ್ನ ಬೋರ್ಡಲ್ಲೂ ಅದನ್ನೇ ಕಿತ್ತು ಹಾಕಿದೀಯ ನೋಡು.

ವಿಮಾನದ ಕಥೆ ಇನ್ನೂ ಮಜಾ ಇದೆ. ರೈಟ್ ಅಣ್ತಮ್ಮಂದಿರು 1903ರ ಡಿಸೆಂಬರ್ 17ಕ್ಕೆ ಹಾರಿದ್ದು ನಾರ್ತ್ ಕೆರೊಲಿನಾದ ಮರಳು ದಿಣ್ಣೆ ಹತ್ರ, ಮೊದಲ ಸಲ ಬರೀ 12 ಸೆಕೆಂಡು, ಆವತ್ತಿನ ಕೊನೇ ಹಾರಾಟ 59 ಸೆಕೆಂಡು. ಆದ್ರೆ ಆ ಯಂತ್ರ ಕಟ್ಟಿದ್ದು ಒಹಾಯೋದ ಡೇಟನ್‌ನಲ್ಲಿರೋ ಅವರ ಸೈಕಲ್ ಅಂಗಡೀಲಿ. ಹಾಗಾಗಿ ಎರಡೂ ರಾಜ್ಯದವರು ತಮ್ಮ ತಮ್ಮ ಕಾರಿನ ನಂಬರ್ ಪ್ಲೇಟ್ ಮೇಲೇ ಇದನ್ನ ಬರೆಸ್ಕೊಂಡ್ರು, ಒಬ್ರು ಹಾರಾಟದಲ್ಲಿ ನಾವೇ ಮೊದಲು ಅಂತ, ಇನ್ನೊಬ್ರು ವಿಮಾನ ಹುಟ್ಟಿದ್ದೇ ನಮ್ಮಲ್ಲಿ ಅಂತ. ಅಷ್ಟಕ್ಕೆ ಮುಗೀಲಿಲ್ಲ. ಅಮೆರಿಕದ್ದೇ ಇನ್ನೊಂದು ರಾಜ್ಯ ಕನೆಕ್ಟಿಕಟ್‌ನವರು 2013ರಲ್ಲಿ ಕಾನೂನೇ ಮಾಡಿ ನಮ್ಮ ಗುಸ್ತಾವ್ ವೈಟ್‌ಹೆಡ್ ಅವರೇ ಮೊದಲು ಹಾರಿದ್ದು ಅಂದ್ಬಿಟ್ರು, ಇತಿಹಾಸ ತಿಳಿದವರಲ್ಲಿ ಹೆಚ್ಚಿನವರು ಇದನ್ನ ಒಪ್ಪಲ್ಲ. ಅಸೆಂಬ್ಲೀಲಿ ಕೈ ಎತ್ತಿಸಿದ್ರೆ ವಿಮಾನ ಹಾರತ್ತೇನೋ? ಬ್ರೆಜಿಲ್‌ನವರಂತೂ 1906ರಲ್ಲಿ ಪ್ಯಾರಿಸ್‌ನಲ್ಲಿ ಜನರ ಎದುರೇ ಹಾರಿದ ತಮ್ಮ ದೇಶದ ಸಾಂತೋಸ್ ದುಮೊಂತ್ ಅವರನ್ನ ಬಿಟ್ಟು ಬೇರೆಯವರ ಹೆಸರು ಕೇಳಲ್ಲ.

ಈ ಗಲಾಟೇಲಿ ನಂಗೆ ಇಷ್ಟ ಆಗೋರು ಬೇರೆಯವರು. ಆ ವಿಮಾನದ ಎಂಜಿನ್ ಮಾಡಿದ್ದು ಸೈಕಲ್ ಅಂಗಡಿ ಮೆಕ್ಯಾನಿಕ್ ಚಾರ್ಲಿ ಟೇಲರ್, ಆರು ವಾರದಲ್ಲಿ. ಮೊದಲ ಹಾರಾಟದ ಫೋಟೋ ತೆಗೆದಿದ್ದು ಸಮುದ್ರದಲ್ಲಿ ಸಿಕ್ಕಾಕೊಂಡವರನ್ನ ಕಾಪಾಡೋ ಠಾಣೆಯ ಜಾನ್ ಡೇನಿಯಲ್ಸ್. ಊರು ಹೆಮ್ಮೆ ಪಡಬೇಕಾದ್ದು ಇಂಥವರ ಬಗ್ಗೆ ಕಣೋ, ಇವರನ್ನ ಬೇರೆ ಯಾವ ಊರೂ ಕಿತ್ಕೊಳ್ಳಕ್ಕಾಗಲ್ಲ.

ಈಗ ನಂಗೆ ಬಹಳ ಹಿಡಿಸಿದ ಊರು ಹೇಳ್ತೀನಿ. ಅಚ್ಚಿನ ಮೊಳೆ (ಪುಸ್ತಕ ಅಚ್ಚು ಹಾಕಕ್ಕೆ ಜೋಡಿಸೋ ಬಿಡಿ ಬಿಡಿ ಅಕ್ಷರದ ಅಚ್ಚು) ಅಂದ ತಕ್ಷಣ ಜರ್ಮನಿಯ ಮೈಂಝ್, ಗುಟೆನ್‌ಬರ್ಗ್ ಅಂತೀವಿ. ನೆದರ್‌ಲ್ಯಾಂಡ್ಸಿನ ಹಾರ್ಲೆಮ್‌ನವರು ಇಲ್ಲ ನಮ್ಮ ಕೋಸ್ಟರ್ ಅವರೇ ಅಂತ ಊರ ಚೌಕದಲ್ಲಿ ವಿಗ್ರಹಾನೇ ನಿಲ್ಲಿಸಿದಾರೆ, ಪುರಾವೆ ಮಾತ್ರ ಇಲ್ಲ. ಇವರಿಬ್ಬರ ಅಚ್ಚಿನ ಕೆಲಸಕ್ಕಿಂತ ಮುಂಚೆ, 1377ರಲ್ಲೇ, ಕೊರಿಯಾದ ಚೊಂಗ್‌ಜು ಊರಿನ ಒಂದು ಬೌದ್ಧ ದೇವಸ್ಥಾನದಲ್ಲಿ ಲೋಹದ ಮೊಳೆ ಜೋಡಿಸಿ ಜಿಕ್ಜಿ ಅನ್ನೋ ಪುಸ್ತಕ ಅಚ್ಚು ಹಾಕಿದ್ರು. ಎರಡು ಭಾಗದ ಪುಸ್ತಕ, ಉಳಿದಿರೋದು ಎರಡನೇ ಭಾಗ ಒಂದೇ, ಅದೂ ಪ್ಯಾರಿಸ್ಸಿನ ಲೈಬ್ರರೀಲಿದೆ. ಅಂದ್ರೆ ಊರ ಕೈಲಿ ಪುಸ್ತಕಾನೇ ಇಲ್ಲ! ಆದ್ರೂ ಆ ಜನ ಏನ್ ಮಾಡಿದ್ರು ನೋಡು. 1980ರ ದಶಕದಲ್ಲಿ ನೆಲ ಅಗೆದಾಗ ದೇವಸ್ಥಾನದ ಜಾಗ ಸಿಕ್ತು, ಅಲ್ಲೇ ಮ್ಯೂಸಿಯಂ ಕಟ್ಟಿದ್ರು, ಮೇಣದಲ್ಲಿ ಅಕ್ಷರ ಕೆತ್ತಿ ಲೋಹ ಎರೆದು ಮೊಳೆ ಮಾಡೋದು ಹೆಂಗೆ ಅಂತ ತೋರಿಸ್ತಾರೆ. 2001ರಲ್ಲಿ ಯುನೆಸ್ಕೋ ಪಟ್ಟಿಗೂ ಆ ಪುಸ್ತಕ ಸೇರ್ತು. ಅವರ ಮಾತು ಎಷ್ಟು ಅಳೆದು ತೂಗಿದೆ ಅಂದ್ರೆ, ಲೋಹದ ಬಿಡಿ ಮೊಳೆಯಿಂದ ಅಚ್ಚಾಗಿ "ಈಗ ಉಳಿದಿರೋ" ಪುಸ್ತಕಗಳಲ್ಲಿ ಅತಿ ಹಳೇದು, ಅಷ್ಟೇ. ಅಚ್ಚು ಕಂಡುಹಿಡಿದಿದ್ದೇ ನಾವು ಅಂತಲ್ಲ, ಯಾಕಂದ್ರೆ ಚೀನಾದ ಬಿ ಶೆಂಗ್ 1040ರ ದಶಕದಲ್ಲೇ ಮಣ್ಣಿನ ಮೊಳೆ ಮಾಡಿದ್ರು. ಆ ಮಾತನ್ನ ಯಾರು ಅಲ್ಲಾಡಿಸ್ತಾರೆ ಹೇಳು?

ಹಂಗಾಗಿ ನಿನ್ನ ಬೋರ್ಡಿಂದ "ಪ್ರಪಂಚದಲ್ಲೇ" ತೆಗಿ. ಏನು, ಯಾವ ವರ್ಷ, ಯಾವ ದಾಖಲೇಲಿದೆ, ಅದನ್ನ ಬರಿ. ಕೆಲಸ ಮಾಡಿದವರ ಹೆಸರು ದೊಡ್ಡ ಅಕ್ಷರದಲ್ಲಿರ್ಲಿ, ಕಾಸು ಕೊಟ್ಟವರದ್ದು ಕೆಳಗಡೆ ಸಣ್ಣದಾಗಿ (ಕಮಿಟಿಯವರು ಮುಖ ಊದಿಸ್ಕೋತಾರೆ, ಊದಿಸ್ಕೊಳ್ಳಲಿ ಬಿಡು). ಪಕ್ಕದೂರಿನವರಿಗೆ ಚುಚ್ಚಿರೋ ಆ ಕೊನೇ ಸಾಲನ್ನಂತೂ ಇವತ್ತೇ ಹೊಡ್ದು ಹಾಕು. ವರ್ಷಕ್ಕೆ ಒಂದೇ ದಾಖಲೆ ನಂಬಬೇಡ, ಇನ್ನೊಂದು ಕಡೆನೂ ಹುಡುಕಿ ನೋಡು. ತಿದ್ದಿದ್ಮೇಲೆ ನಂಗೆ ಇನ್ನೊಂದ್ಸಲ ಕಳ್ಸು, ಅಷ್ಟರವರೆಗೆ ಪೇಂಟರ್‌ಗೆ ಅಡ್ವಾನ್ಸ್ ಕೊಡಬೇಡ.

ನಿನ್ನ ದೊಡ್ಡಪ್ಪ