ಗೆಳೆಯನಿಗೊಂದು ಪತ್ರ: ಹೊಸ ಕಾರಿನ ಬಣ್ಣದ ಬಗ್ಗೆ

ಚಿತ್ರದುರ್ಗ

ಪ್ರಿಯ ಗೆಳೆಯ,

ನಿನ್ನ ಪತ್ರ ಕೈಸೇರಿತು. ಕಾರಿನ ಮಾದರಿ, ಸಾಲ, ವಿಮೆ ಎಲ್ಲವೂ ಸಲೀಸಾಗಿ ತೀರ್ಮಾನವಾಗಿ, ಬಣ್ಣವೊಂದೇ ಮನೆಯಲ್ಲಿ ಪಂಚಾಯಿತಿಗೆ ಬಂದು ನಿಂತಿದೆ ಎಂದು ಓದಿ ನಗು ಬಂತು. ನಿನಗೆ ಕಪ್ಪು ಬೇಕು, ಮನೆಯವರಿಗೆ ಕೆಂಪು, ಮಗಳಿಗೆ ಪರ್ಲ್ ಬಿಳಿ. ನನ್ನನ್ನು ಕೇಳಿದ್ದೀಯಾದ್ದರಿಂದ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ: ಸಾದಾ ಬಿಳಿಯನ್ನೇ ತೆಗೆದುಕೋ.

ಕಪ್ಪು ಬಣ್ಣಕ್ಕೆ ಶೋರೂಮಿನ ದೀಪದ ಕೆಳಗೆ ಇರುವ ಗತ್ತು ಬೇರೆ ಯಾವುದಕ್ಕೂ ಇಲ್ಲವೆಂಬುದನ್ನು ಒಪ್ಪುತ್ತೇನೆ. ಆದರೆ ನಿನ್ನ ಕಾರು ನಿಲ್ಲುವುದು ದಾವಣಗೆರೆಯ ಬೀದಿಯಲ್ಲಿ, ನೆರಳಿಲ್ಲದ ಕಡೆ, ಏಪ್ರಿಲ್ ತಿಂಗಳ ಬಿಸಿಲಿನಲ್ಲಿ. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದವರು ಒಂದು ಕಪ್ಪು ಕಾರನ್ನೂ ಒಂದು ಬೆಳ್ಳಿ ಬಣ್ಣದ ಕಾರನ್ನೂ ಬಿಸಿಲಿನಲ್ಲಿ ನಿಲ್ಲಿಸಿ ಅಳೆದು, 2011ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಕಪ್ಪು ಕಾರಿನ ಒಳಗಿನ ಗಾಳಿ ಸುಮಾರು 5ರಿಂದ 6 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಬಿಸಿಯಾಗಿತ್ತು. ಆ ಬಿಸಿಯನ್ನು ಇಳಿಸುವ ಕೆಲಸ ಕೊನೆಗೆ ಏಸಿಯ ಮೇಲೂ ನಿನ್ನ ಪೆಟ್ರೋಲಿನ ಮೇಲೂ ಬೀಳುತ್ತದೆ.

ಅದಕ್ಕಿಂತ ದೊಡ್ಡ ತೊಂದರೆ ನಮ್ಮ ನೀರಿನದು. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಕಾರು ತೊಳೆದು ಒರೆಸದೆ ಬಿಟ್ಟರೆ, ಬಿಸಿ ಬಾನೆಟ್ಟಿನ ಮೇಲೆ ನೀರು ಆರಿ, ಒಂದೊಂದು ಹನಿಯೂ ಒಂದೊಂದು ಬಿಳಿ ಉಂಗುರವಾಗಿ ಉಳಿಯುತ್ತದೆ. ಅದು ಸುಣ್ಣದ ಅಂಶ. ಬಹಳ ದಿನ ಬಿಟ್ಟರೆ ಉಗುರಿನಲ್ಲಿ ಕೆರೆದರೂ ಹೋಗುವುದಿಲ್ಲ. ಇನ್ನು ಧೂಳು. ಬೆಳಿಗ್ಗೆ ಆತುರದಲ್ಲಿ ಒಣ ಬಟ್ಟೆಯಿಂದ ಒರೆಸಿದೆಯೋ, ಮಣ್ಣಿನ ಕಣಗಳು ಬಣ್ಣದ ಮೇಲಿರುವ ಪಾರದರ್ಶಕ ಪದರವನ್ನು, ಅಂದರೆ ಕ್ಲಿಯರ್ ಕೋಟನ್ನು ಗೀರುತ್ತವೆ. ಕಾರಿನ ಬಣ್ಣದ ಎಲ್ಲ ಪದರಗಳೂ ಸೇರಿದರೆ ಸುಮಾರು 100 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗ ಮಾತ್ರ. ಅದರಲ್ಲಿ ಕ್ಲಿಯರ್ ಕೋಟಿನ ಪಾಲು ಇನ್ನೂ ಕಡಿಮೆ. ಈ ಉಂಗುರ, ಈ ಗೀರು ಬಿಳಿಯ ಮೇಲೂ ಆಗುತ್ತವೆ, ಆದರೆ ಕಣ್ಣಿಗೆ ಬೀಳುವುದು ಕಪ್ಪಿನ ಮೇಲೆ. ಹೊಲದ ಕಡೆ ಹೋಗಿ ಬಂದ ದಿನ ಬಿಳಿ ಕಾರಿನ ಕೆಳಭಾಗ ಕೆಸರಾಗಿ ಕಾಣುವುದು ನಿಜ. ಅದು ನೀರು ಹೊಯ್ದರೆ ಹೋಗುವ ಕೊಳೆ.

ಕೆಂಪಿನ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ವರ್ಷಗಟ್ಟಲೆ ಬಿಸಿಲಿನಲ್ಲೇ ನಿಲ್ಲುವ ಗಾಡಿಗಳಲ್ಲಿ ಬೇಗ ಮಂಕಾಗುವ ಬಣ್ಣಗಳಲ್ಲಿ ಅದೂ ಒಂದು. ಶೆಡ್ ಇದ್ದಿದ್ದರೆ ಮನೆಯವರ ಪರವಾಗಿಯೇ ವಾದಿಸುತ್ತಿದ್ದೆ.

ಮಗಳು ಕೇಳುವ ಪರ್ಲ್ ಬಿಳಿ ನಿಜಕ್ಕೂ ಚೆಂದ. ಅದರಲ್ಲಿ ಬಿಳಿಯ ಮೇಲೆ ಅಭ್ರಕದ ಕಣಗಳಿರುವ ಇನ್ನೊಂದು ಪದರ, ಅದರ ಮೇಲೆ ಕ್ಲಿಯರ್ ಕೋಟ್ ಇರುವುದರಿಂದ ಆ ಹೊಳಪು. ಕಷ್ಟ ಶುರುವಾಗುವುದು ಯಾವನೋ ಬೈಕಿನವನು ಬಾಗಿಲಿಗೆ ಉಜ್ಜಿಕೊಂಡು ಹೋದ ಮೇಲೆ. ಲೋಹದ ಪುಡಿ ಬೆರೆತ ಮೆಟಾಲಿಕ್ ಆಗಲಿ ಪರ್ಲ್ ಆಗಲಿ, ಬಣ್ಣ ಸಿಂಪಡಿಸುವ ಗನ್ನಿನ ಒತ್ತಡ, ಹಿಡಿದ ದೂರ, ಬಳಿದ ಪದರಗಳ ದಪ್ಪ ಸ್ವಲ್ಪ ಬದಲಾದರೂ ಕಣಗಳು ಮಲಗುವ ರೀತಿ ಬದಲಾಗಿ, ನೇರ ನೋಡಿದಾಗ ಸರಿಯಿದ್ದ ಬಾಗಿಲು ಓರೆಯಿಂದ ಬೇರೆಯೇ ಬಣ್ಣವಾಗಿ ಕಾಣುತ್ತದೆ. ಆ ಭೇದ ಮುಚ್ಚಲು ಪೇಂಟರು ಪಕ್ಕದ ಭಾಗಗಳ ಮೇಲೂ ಬಣ್ಣ ಹಾಯಿಸಬೇಕಾಗುತ್ತದೆ, ಬಿಲ್ಲೂ ಅದಕ್ಕೆ ತಕ್ಕಂತೆ ಬೆಳೆಯುತ್ತದೆ. ಸಾದಾ ಬಿಳಿಯಲ್ಲಿ ಈ ತಾಪತ್ರಯ ಬಹಳ ಕಡಿಮೆ. ನಮ್ಮೂರಿನ ಪೇಂಟರುಗಳ ಕೈ ಅದರಲ್ಲಿ ಪಳಗಿದೆ.

ಬಿಳಿಯಾದರೆ ಟ್ಯಾಕ್ಸಿಯಂತೆ ಕಾಣುತ್ತದೆ ಎಂದಿದ್ದೀಯ. ಟ್ಯಾಕ್ಸಿಯ ಗುರುತು ಹಳದಿ ಬೋರ್ಡು ಮಾರಾಯ, ಬಣ್ಣವಲ್ಲ. ಮುಸ್ಸಂಜೆ ಹೆದ್ದಾರಿಯಲ್ಲಿ ಲಾರಿಯವನ ಕಣ್ಣಿಗೆ ನಿನ್ನ ಕಾರು ಬೇಗ ಬೀಳಲಿ ಎಂಬುದೇ ನನ್ನ ಆಸೆ.

ಈಗ ಬಿಳಿ ಕೊಂಡು ಮುಂದೆ ಮಿಲಿಟರಿ ಹಸಿರು ಹೊಡೆಸುತ್ತೇನೆ ಎಂಬ ಮಾತನ್ನಂತೂ ಬಿಟ್ಟುಬಿಡು. ಕೇಂದ್ರ ಮೋಟಾರು ವಾಹನ ನಿಯಮಗಳ 121ನೆಯ ನಿಯಮದ ಪ್ರಕಾರ ಆಲಿವ್ ಹಸಿರು ರಕ್ಷಣಾ ಇಲಾಖೆಯ ವಾಹನಗಳಿಗೆ ಮೀಸಲು. ಬೇರೆ ಬಣ್ಣವಾದರೂ ಆರ್‌ಸಿಯಲ್ಲಿ ಬಣ್ಣ ದಾಖಲಾಗಿರುವುದರಿಂದ ಆರ್‌ಟಿಓ ಕಚೇರಿಗೆ ಹೋಗಿ ತಿದ್ದಿಸಬೇಕು, ವಿಮಾ ಕಂಪನಿಗೂ ತಿಳಿಸಬೇಕು.

ಡೆಲಿವರಿಯ ದಿನ ಗಾಡಿಯನ್ನು ಹೊರಗೆ ಬಿಸಿಲಿಗೆ ತರಿಸಿ, ಬಂಪರಿನ ಬಣ್ಣವೂ ಅದರ ಪಕ್ಕದ ತಗಡಿನ ಬಣ್ಣವೂ ಹೊಂದುತ್ತವೆಯೇ ಎಂದು ಓರೆಯಿಂದ ನೋಡು. ಆಯುಧಪೂಜೆಯ ಹೊತ್ತಿಗೆ ಬಿಳಿ ಇಲ್ಲ, ಸ್ಟಾಕಿನಲ್ಲಿ ಕಪ್ಪು ಮಾತ್ರ ಇದೆ ಎಂದರೆ ದೀಪಾವಳಿಯವರೆಗೆ ಕಾಯುವುದು ಲೇಸು; ಅಲ್ಲಿಯವರೆಗೆ ಹಳೆಯ ಸ್ಕೂಟರಿಗೇ ಕುಂಬಳಕಾಯಿ ಒಡೆ.

ನಿನ್ನ ಗೆಳೆಯ