ಎನರ್ಜಿ ಆಡಿಟ್: ಬೀಗ ಹಾಕಿದ ಮೇಲೆ ಮೀಟರ್ ನೋಡಿ

ಸಂಪಾದಕರಿಗೆ,

ನಮ್ಮ ಕಾಲೇಜು, ಕಚೇರಿಗಳ ಕಪಾಟಿಗೆ ಈಚಿನ ವರ್ಷಗಳಲ್ಲಿ ಹೊಸ ಬಗೆಯ ಕಡತವೊಂದು ಬಂದು ಸೇರಿದೆ. ಬಣ್ಣದ ಮುಖಪುಟ, ಸ್ಪೈರಲ್ ಬೈಂಡಿಂಗ್, ಒಳಗೆ ಉಪಕರಣ ಹಿಡಿದು ನಿಂತವರ ಫೋಟೊಗಳು, ಕೊನೆಯ ಪುಟದಲ್ಲಿ ಒಂದು ಪ್ರಮಾಣಪತ್ರ. ಅದರ ಹೆಸರು ಎನರ್ಜಿ ಆಡಿಟ್ ವರದಿ, ಅಂದರೆ ಕಟ್ಟಡದಲ್ಲಿ ವಿದ್ಯುತ್ತು ಎಲ್ಲೆಲ್ಲಿ ಖರ್ಚಾಗುತ್ತದೆ, ಎಲ್ಲಿ ಉಳಿಸಬಹುದು ಎಂಬುದರ ತಪಾಸಣೆ. ಕಾಲೇಜುಗಳ ಗುಣಮಟ್ಟ ಅಳೆಯುವ ರಾಷ್ಟ್ರೀಯ ಮಂಡಳಿಯಾದ ನ್ಯಾಕ್‌ನ ಮೌಲ್ಯಮಾಪನದ ಏಳನೆಯ ಮಾನದಂಡದಲ್ಲಿ ಪರಿಸರ ಮತ್ತು ಇಂಧನದ ಆಡಿಟ್ ಮಾಡಿಸಿದ್ದೀರಾ ಎಂದು ಕೇಳುತ್ತ ಬಂದಿರುವುದರಿಂದ ಕಾಲೇಜುಗಳು ಇದನ್ನು ಮಾಡಿಸುತ್ತವೆ. ಕೇಳಿದ್ದು ಒಳ್ಳೆಯದೇ. ಆದರೆ ಆಡಿಟ್ ಆದ ಮೇಲೆ ಕರೆಂಟ್ ಬಿಲ್ಲು ಎಷ್ಟು ಇಳಿಯಿತು ಎಂದು ಆಡಳಿತ ಮಂಡಳಿಗಳು ತಮ್ಮನ್ನು ತಾವೇ ಕೇಳಿಕೊಳ್ಳುವುದಿಲ್ಲವಾದ್ದರಿಂದ, ವರದಿ ಕಪಾಟು ಸೇರಿದಲ್ಲಿಗೆ ಕೆಲಸ ಮುಗಿದುಹೋಗುತ್ತದೆ.

ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಿಕಲ್ ವಿಷಯ ಪಾಠ ಹೇಳಿ ನಿವೃತ್ತನಾದ ನನಗೆ, ಪರಿಚಯದ ಪ್ರಾಚಾರ್ಯರೊಬ್ಬರು ತಮ್ಮ ಕಾಲೇಜಿನ ಇಂಥದೊಂದು ವರದಿಯನ್ನು ಕೊಟ್ಟು, ಇದರಲ್ಲಿ ನಾವು ನಿಜವಾಗಿ ಮಾಡಬೇಕಾದದ್ದು ಏನಿದೆ ನೋಡಿ ಹೇಳಿ ಎಂದಿದ್ದರು. ವರದಿಯಲ್ಲಿ ತಪ್ಪೇನೂ ಇರಲಿಲ್ಲ. ಚೋಕ್ ಸೇರಿ ಸುಮಾರು 50 ವಾಟ್ ತಿನ್ನುವ ಹಳೆಯ ಟ್ಯೂಬ್‌ಲೈಟಿನ ಜಾಗದಲ್ಲಿ 20 ವಾಟಿನ ಎಲ್‌ಇಡಿ ಹಾಕಿ, 75 ವಾಟಿನ ಫ್ಯಾನಿನ ಬದಲು 30 ವಾಟಿನ ಆಸುಪಾಸಿನಲ್ಲಿ ತಿರುಗುವ ಬಿಎಲ್‌ಡಿಸಿ (ಬ್ರಷ್ ಇಲ್ಲದ ಡಿಸಿ ಮೋಟರಿನ) ಫ್ಯಾನ್ ತನ್ನಿ, ಮಾಳಿಗೆಯ ಮೇಲೆ ಸೋಲಾರ್ ಕೂಡಿಸಿ ಎಂಬ ಸಲಹೆಗಳಿದ್ದವು. ಇವೆಲ್ಲ ಕಟ್ಟಡವನ್ನು ನೋಡದೆಯೂ ಬರೆಯಬಹುದಾದ ಸಲಹೆಗಳು. ಆಡಿಟ್ ತಂಡ ಎಷ್ಟು ಹೊತ್ತಿಗೆ ಬಂದಿತ್ತು ಎಂದು ವಿಚಾರಿಸಿದಾಗ, ಬೆಳಿಗ್ಗೆ ಹನ್ನೊಂದಕ್ಕೆ ಬಂದು ಸಂಜೆ ನಾಲ್ಕರೊಳಗೆ ಹೊರಟಿತ್ತೆಂದು ತಿಳಿಯಿತು.

ಹಾಗಾಗಿ ಒಂದು ಭಾನುವಾರ ರಾತ್ರಿ ಹತ್ತೂವರೆಗೆ, ಪ್ರಾಚಾರ್ಯರ ಒಪ್ಪಿಗೆ ಪಡೆದು, ತಂತಿಯನ್ನು ಬಿಚ್ಚದೆಯೇ ಅದರಲ್ಲಿ ಹರಿಯುವ ಕರೆಂಟ್ ಅಳೆಯುವ ಕ್ಲಾಂಪ್ ಮೀಟರ್ ಹಿಡಿದು ಅಲ್ಲಿಗೆ ಹೋದೆ. ಎಲ್ಲ ಕೋಣೆಗಳಿಗೂ ಬೀಗ ಬಿದ್ದಿತ್ತು, ಕಾವಲುಗಾರರೊಬ್ಬರನ್ನು ಬಿಟ್ಟರೆ ನರಪಿಳ್ಳೆ ಇರಲಿಲ್ಲ. ಮುಖ್ಯ ಪ್ಯಾನೆಲ್ಲಿನ ಮೀಟರು ಮಾತ್ರ ಆರು ಕಿಲೋವಾಟ್ ತೋರಿಸುತ್ತಿತ್ತು. ಒಂದೊಂದೇ ಲೈನ್ ಹಿಡಿದು ಹುಡುಕುತ್ತ ಹೋದಾಗ ಲೆಕ್ಕ ಸಿಕ್ಕಿತು. ಮೂರು ವಾಟರ್ ಕೂಲರ್‌ಗಳು ಸೋಮವಾರದವರೆಗೆ ಯಾರೂ ಕುಡಿಯದ ನೀರನ್ನು ತಂಪು ಮಾಡುತ್ತಿದ್ದವು. ಕಂಪ್ಯೂಟರ್ ಲ್ಯಾಬಿನ ದೊಡ್ಡ ಯುಪಿಎಸ್, ಒಂದು ಕಂಪ್ಯೂಟರೂ ನಡೆಯದಿದ್ದರೂ, ಕೈ ಇಟ್ಟರೆ ಬಿಸಿ ತಾಗುವಷ್ಟು ಕಾದಿತ್ತು. ಸರ್ವರ್ ಕೋಣೆಯ ಎಸಿಯನ್ನು 18 ಡಿಗ್ರಿಗೆ ಇಟ್ಟಿದ್ದರು. ಸರ್ವರ್‌ಗಳಿಗೆ 24 ಡಿಗ್ರಿ ಧಾರಾಳವಾಗಿ ಸಾಕು. ಒಂದು ಡಿಗ್ರಿ ಏರಿಸಿದರೆ ಎಸಿಯ ಬಳಕೆ ಸುಮಾರು ಶೇ 6ರಷ್ಟು ತಗ್ಗುತ್ತದೆಂದು ಇಂಧನ ದಕ್ಷತಾ ಬ್ಯೂರೊ (ಬಿಇಇ) ಹೇಳುತ್ತದೆ, ಹೊಸ ಎಸಿಗಳು 24 ಡಿಗ್ರಿಯಲ್ಲೇ ಆರಂಭವಾಗಬೇಕೆಂಬ ನಿಯಮ 2020ರ ಜನವರಿಯಿಂದ ಜಾರಿಯಲ್ಲಿದೆ.

ಮೂರೂ ಮಹಡಿಯ ವರಾಂಡದ ದೀಪಗಳು ಉರಿಯುತ್ತಿದ್ದವು. ಅವನ್ನೇಕೆ ಆರಿಸಿಲ್ಲ ಎಂದು ಕೇಳಿದ್ದಕ್ಕೆ ಕಾವಲುಗಾರರು, "ಅವಕ್ಕ ಸ್ವಿಚ್ಚಽ ಇಲ್ಲರಿ ಸರ. ಎಂಸಿಬಿ ಇಳಿಸಿದ್ರ ಸಿಸಿಟಿವೀನೂ ಬಂದ್ ಆಗ್ತಾವ್ರಿ" ಎಂದರು. ಕ್ಯಾಮೆರಾ ಕೂಡಿಸಲು ಬಂದವರು ಹತ್ತಿರಕ್ಕೆ ಸಿಕ್ಕ ವರಾಂಡದ ಲೈನಿಗೇ ಕೊಟ್ಟು ಹೋಗಿದ್ದರು. ಅಂದಿನಿಂದ ಆ ದೀಪಗಳು ಹಗಲೂ ರಾತ್ರಿ ಉರಿಯುತ್ತಲೇ ಇವೆ. ಇದು ವರದಿಯ ಯಾವ ಪುಟದಲ್ಲೂ ಇರಲಿಲ್ಲ, ಏಕೆಂದರೆ ವರದಿ ಬರೆದವರು ಕಾವಲುಗಾರರನ್ನು ಮಾತನಾಡಿಸಿರಲಿಲ್ಲ.

ಸರ್ವರ್, ಕ್ಯಾಮೆರಾ, ಗೇಟಿನ ದೀಪ ಇಂಥ ಅನಿವಾರ್ಯಗಳಿಗೆ ಎರಡು ಕಿಲೋವಾಟ್ ಬಿಟ್ಟರೂ ನಾಲ್ಕು ಕಿಲೋವಾಟ್ ಸುಮ್ಮನೆ ಹರಿದುಹೋಗುತ್ತಿತ್ತು. ವಾರದ 168 ತಾಸುಗಳಲ್ಲಿ ಕಾಲೇಜು ನಡೆಯುವುದು 48 ತಾಸು. ಒಂದು ಕಿಲೋವಾಟ್ ಒಂದು ತಾಸು ಹರಿದರೆ ಒಂದು ಯೂನಿಟ್. ಉಳಿದ 120 ತಾಸಿಗೆ 480 ಯೂನಿಟ್, ವರ್ಷಕ್ಕೆ ಸುಮಾರು 25,000 ಯೂನಿಟ್. ಗೃಹಜ್ಯೋತಿ ಯೋಜನೆಯಲ್ಲಿ ಒಂದು ಮನೆಗೆ ತಿಂಗಳಿಗೆ ಇರುವ ಗರಿಷ್ಠ ಮಿತಿ 200 ಯೂನಿಟ್. ಎರಡು ಮನೆಗಳ ತಿಂಗಳ ಮಿತಿಯನ್ನು ಮೀರುವ ವಿದ್ಯುತ್ತನ್ನು ಒಂದು ಖಾಲಿ ಕಟ್ಟಡ ವಾರವೊಂದರಲ್ಲಿ ನುಂಗುತ್ತದೆ ಎಂದಾಯಿತು. ಮಳೆ ಕೈಕೊಟ್ಟ 2023ರ ಅಕ್ಟೋಬರಿನಲ್ಲಿ ರೈತರ ಪಂಪ್‌ಸೆಟ್ಟುಗಳಿಗೆ ತ್ರೀಫೇಸ್ ಎಷ್ಟು ತಾಸು ಕೊಡಬೇಕೆಂದು ರಾಜ್ಯವೆಲ್ಲ ಚರ್ಚೆ ನಡೆದಿದ್ದಾಗಲೂ ಆ ವರಾಂಡದ ದೀಪಗಳು ಉರಿಯುತ್ತಲೇ ಇದ್ದಿರಬೇಕು.

ಇಂಧನ ಸಂರಕ್ಷಣಾ ಕಾಯ್ದೆ ಬಂದದ್ದು 2001ರಲ್ಲಿ. ಅದರಡಿ ಬಿಇಇ 2002ರ ಮಾರ್ಚ್‌ನಲ್ಲಿ ಸ್ಥಾಪನೆಯಾಯಿತು, ಆಡಿಟರ್‌ಗಳಿಗೆ ರಾಷ್ಟ್ರಮಟ್ಟದ ಪರೀಕ್ಷೆ ಬಂತು, 2007ರಲ್ಲಿ ಕಟ್ಟಡಗಳ ಇಂಧನ ಸಂಹಿತೆ ಬಂತು. ನಮ್ಮ ರಾಜ್ಯದಲ್ಲಿ ಈ ಕಾಯ್ದೆಯ ಜವಾಬ್ದಾರಿ ಹೊತ್ತಿರುವುದು ಕ್ರೆಡೆಲ್ (ಕರ್ನಾಟಕ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಯಮಿತ). ಆದರೆ ಸಂಹಿತೆ ಹೇಳುವುದು ಮುಖ್ಯವಾಗಿ 100 ಕಿಲೋವಾಟ್ ಮತ್ತು ಅದಕ್ಕೂ ಹೆಚ್ಚಿನ ಸಂಪರ್ಕವಿರುವ ಹೊಸ ಕಟ್ಟಡಗಳ ಮಾತನ್ನು. ಕಡ್ಡಾಯ ಆಡಿಟ್ ಇರುವುದು ಭಾರೀ ಬಳಕೆದಾರರಿಗೆ. ಜಿಲ್ಲಾ ಕೇಂದ್ರವೊಂದರ ನೂರಾರು ಹಳೆಯ ಶಾಲೆ, ಕಾಲೇಜು, ಕಚೇರಿಗಳು ಈ ಎರಡರ ನಡುವೆ ಜಾರಿಹೋಗುತ್ತವೆ. ಅಲ್ಲಿ ಆಡಿಟ್ ನಡೆದರೆ ಅದು ಸ್ವಂತ ಆಸಕ್ತಿಯಿಂದ ಅಥವಾ ಪ್ರಮಾಣಪತ್ರಕ್ಕಾಗಿ.

ಸ್ವಂತ ಆಸಕ್ತಿ ಹುಟ್ಟುವುದಾದರೂ ಹೇಗೆ? ಸ್ವಿಚ್ಚು ಒತ್ತುವವರು ಒಬ್ಬರು, ಬಿಲ್ಲು ಕಟ್ಟುವವರು ಇನ್ನೊಬ್ಬರು. ಸರ್ಕಾರಿ ಕಚೇರಿಯಲ್ಲಿ ವಿದ್ಯುತ್ ಶುಲ್ಕದ ಶೀರ್ಷಿಕೆಯಡಿ ಉಳಿಸಿದ ಹಣದಿಂದ ಅದೇ ಕಚೇರಿಗೆ ಒಂದು ಫ್ಯಾನ್ ಕೊಳ್ಳಲೂ ಬರುವುದಿಲ್ಲ, ಮೇಲಾಗಿ ಮರುವರ್ಷದ ಅನುದಾನ ಕಡಿಮೆಯಾದೀತೆಂಬ ಭಯ ಬೇರೆ. ಉಳಿಸಿದ ಹಣದಲ್ಲಿ ಅರ್ಧವನ್ನಾದರೂ ಆ ಸಂಸ್ಥೆಗೇ ದುರಸ್ತಿಗೆಂದು ಬಿಟ್ಟುಕೊಟ್ಟರೆ, ಮುಖ್ಯಸ್ಥರು ತಾವೇ ಟಾರ್ಚ್ ಹಿಡಿದು ರಾತ್ರಿ ಹೊರಟಾರು.

ಪಂಪಿನ ವಿಷಯವನ್ನೂ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ದೀಪ ಕಣ್ಣಿಗೆ ಕಾಣುತ್ತದೆ, ಪಂಪಿನ ನಷ್ಟ ಕಾಣುವುದಿಲ್ಲ. ಮೂರು ಅಂತಸ್ತಿನ ಟ್ಯಾಂಕಿಗೆ ಅಗತ್ಯಕ್ಕಿಂತ ದೊಡ್ಡ ಪಂಪ್ ಕೂಡಿಸಿ, ಪೈಪು ಒಡೆಯುತ್ತದೆಂದು ವಾಲ್ವನ್ನು ಅರ್ಧ ಮುಚ್ಚಿಟ್ಟಿರುವುದನ್ನು ನಾನು ಬಹಳ ಕಡೆ ನೋಡಿದ್ದೇನೆ. ಎತ್ತಿಗೆ ಬಾರುಕೋಲು ಬೀಸುತ್ತಲೇ ಮೂಗುದಾರ ಜಗ್ಗಿ ಹಿಡಿದಂತೆ ಅದು. ಅದೇ ಪಂಪಿನ ವೇಗವನ್ನು ವಿಎಫ್‌ಡಿ (ಮೋಟರಿನ ವೇಗ ಹೆಚ್ಚು ಕಡಿಮೆ ಮಾಡುವ ಸಾಧನ) ಹಾಕಿ ಐದನೇ ಒಂದು ಪಾಲು ತಗ್ಗಿಸಲು ಸಾಧ್ಯವಿದ್ದಲ್ಲಿ, ಅದು ಎಳೆಯುವ ಶಕ್ತಿ ಹತ್ತಿರಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಮೋಟರು ಸುಟ್ಟಾಗಲೆಲ್ಲ ವೈಂಡಿಂಗ್ ಮಾಡಿಸಿ ಮತ್ತೆ ಕೂಡಿಸುವ ರೂಢಿಯೂ ದುಬಾರಿಯೇ. ಕೆಲಸ ನಾಜೂಕಾಗಿ ಆಗದಿದ್ದರೆ ಪ್ರತಿ ಸಲವೂ ಮೋಟರಿನ ದಕ್ಷತೆ ಅಷ್ಟಿಷ್ಟು ಕುಸಿಯುತ್ತದೆ. ಟ್ಯಾಂಕಿಗೆ ಫ್ಲೋಟ್ ಸ್ವಿಚ್ ಇಲ್ಲದೆ ನೀರು ತುಂಬಿ ಚೆಲ್ಲಿದರೆ ನೀರೂ ಹೋಯಿತು, ಕರೆಂಟೂ ಹೋಯಿತು.

ಇನ್ನು ಕಾಂಟ್ರಾಕ್ಟ್ ಡಿಮ್ಯಾಂಡ್, ಅಂದರೆ ಇಷ್ಟರವರೆಗೆ ವಿದ್ಯುತ್ ಎಳೆಯುತ್ತೇವೆಂದು ಕಂಪನಿಯೊಂದಿಗೆ ಮಾಡಿಕೊಂಡ ಒಪ್ಪಂದದ ಮಿತಿ. ಎಚ್‌ಟಿ (ಹೈ ಟೆನ್ಶನ್, ಹೆಚ್ಚಿನ ವೋಲ್ಟೇಜಿನ) ಸಂಪರ್ಕವಿರುವ ಸಂಸ್ಥೆ ಎಂದೂ ತಲುಪದ ಬೇಡಿಕೆಗೆ ಮಂಜೂರಾತಿ ಪಡೆದು ತಿಂಗಳು ತಿಂಗಳು ನಿಗದಿತ ಶುಲ್ಕ ತೆರುತ್ತಿದ್ದರೆ ಅದನ್ನು ಇಳಿಸಿಕೊಳ್ಳಲು ಅರ್ಜಿ ಕೊಡಬಹುದು. ಇದರಿಂದ ಹಣ ಉಳಿಯುತ್ತದೆಯೇ ಹೊರತು ವಿದ್ಯುತ್ ಉಳಿಯುವುದಿಲ್ಲ. ಎಷ್ಟೋ ವರದಿಗಳು ಇವೆರಡನ್ನೂ ಒಂದೇ ಅಂಕಣದಲ್ಲಿ ಕೂಡಿಸಿ ಉಳಿತಾಯ ಎಂದು ತೋರಿಸುತ್ತವೆ. ಸೋಲಾರಿನ ಉತ್ಪಾದನೆಯನ್ನೂ ಅದೇ ಅಂಕಣಕ್ಕೆ ಹಾಕುವುದುಂಟು. ಸೋಲಾರ್ ಬೇಕು, ಸಂಶಯವಿಲ್ಲ. ಆದರೆ ಕೊಡದ ತಳದ ತೂತು ಮುಚ್ಚದೆ ಮೇಲಿಂದ ಎಷ್ಟು ಸುರಿದರೆ ಏನು?

ಹೊಸದಾಗಿ ಏಳುತ್ತಿರುವ ಕಟ್ಟಡಗಳ ಬಗ್ಗೆಯೂ ಒಂದು ಮಾತು ಹೇಳದೆ ಇರಲಾರೆ. ದಪ್ಪ ಗೋಡೆ, ಎತ್ತರದ ಚಾವಣಿ, ಮುಂದೆ ಪಡಸಾಲೆ ಇದ್ದ ನಮ್ಮ ಹಳೆಯ ಕಲ್ಲಿನ ಶಾಲೆಗಳಲ್ಲಿ ಮಟಮಟ ಮಧ್ಯಾಹ್ನವೂ ಫ್ಯಾನ್ ಇಲ್ಲದೆ ಪಾಠ ನಡೆಯುತ್ತಿತ್ತು. ಈಗ ಪಡುವಣ ದಿಕ್ಕಿಗೆ ಉದ್ದಕ್ಕೂ ಗಾಜು ಹಾಕುತ್ತಾರೆ. ಬಿಸಿಲು ಕಣ್ಣಿಗೆ ಚುಚ್ಚುತ್ತದೆಂದು ಪರದೆ ಎಳೆಯುತ್ತಾರೆ, ಕತ್ತಲಾಯಿತೆಂದು ದೀಪ ಹಾಕುತ್ತಾರೆ, ಸೆಕೆಯೆಂದು ಎಸಿ ಹಾಕುತ್ತಾರೆ. ಆಮೇಲೆ ಬರುವ ಆಡಿಟರ್ ಇದಕ್ಕೆ ಏನೂ ಮಾಡಲಾರ. ನಕ್ಷೆ ಮಂಜೂರು ಮಾಡುವ ಹಂತದಲ್ಲೇ ಇದನ್ನು ಕೇಳಬೇಕಿತ್ತು.

ಸರ್ಕಾರಕ್ಕೂ ವಿದ್ಯುತ್ ಸರಬರಾಜು ಕಂಪನಿಗಳಿಗೂ ನನ್ನದೊಂದು ಸಲಹೆಯಿದೆ. ಎಚ್‌ಟಿ ಸ್ಥಾವರಗಳ ಎಲೆಕ್ಟ್ರಾನಿಕ್ ಮೀಟರುಗಳು ಕಾಲು ಅಥವಾ ಅರ್ಧ ತಾಸಿಗೊಮ್ಮೆ ಬಳಕೆಯನ್ನು ದಾಖಲಿಸುತ್ತಲೇ ಇರುತ್ತವೆ. ಆ ಮಾಹಿತಿಯನ್ನು ಬಿಲ್ಲಿನ ಜೊತೆಗೆ ಒಂದು ಸರಳ ರೇಖಾಚಿತ್ರವಾಗಿ ಕೊಟ್ಟರೆ, ರಜೆಯ ದಿನ ರಾತ್ರಿ ಎರಡು ಗಂಟೆಗೆ ತಮ್ಮ ಕಟ್ಟಡ ಎಷ್ಟು ಎಳೆಯುತ್ತದೆ ಎಂಬುದು ಯಾರಿಗೂ ತಿಳಿಯುತ್ತದೆ. ಸರ್ಕಾರಿ ಮತ್ತು ಅನುದಾನಿತ ಕಟ್ಟಡಗಳಾದರೆ ಚದರ ಮೀಟರಿಗೆ ವರ್ಷಕ್ಕೆ ಎಷ್ಟು ಯೂನಿಟ್ ಎಂಬ ಒಂದೇ ಸಂಖ್ಯೆಯನ್ನು ಬಾಗಿಲಲ್ಲಿ ತೂಗುಹಾಕಲಿ. ಬಿಇಇ ಕಟ್ಟಡಗಳಿಗೆ ನಕ್ಷತ್ರ ಕೊಡುವುದೂ ಇದೇ ಅಳತೆಯ ಮೇಲೆ. ಆಡಿಟ್ ಮಾಡಿದವರಿಗೆ ಶುಲ್ಕದ ಒಂದು ಭಾಗವನ್ನು ಒಂದು ವರ್ಷದ ಬಿಲ್ಲುಗಳನ್ನು ನೋಡಿದ ಮೇಲೆಯೇ ಪಾವತಿಸುವ ಷರತ್ತನ್ನು ಟೆಂಡರಿನಲ್ಲಿ ಸೇರಿಸಬೇಕು.

ನಾನು ಹೋಗಿದ್ದ ಕಾಲೇಜಿನಲ್ಲಿ ಮರುದಿನವೇ ವಾಟರ್ ಕೂಲರ್‌ಗಳಿಗೆ ಟೈಮರ್ ಬಂತು, ಲ್ಯಾಬಿನ ಯುಪಿಎಸ್ಸನ್ನು ಸಂಜೆ ಬಂದ್ ಮಾಡುವ ಹೊಣೆಯನ್ನು ಲ್ಯಾಬ್ ಸಹಾಯಕರಿಗೆ ವಹಿಸಿದರು, ಎಸಿ 24ಕ್ಕೆ ಏರಿತು. ಇದಕ್ಕೆಲ್ಲ ತಗುಲಿದ ಖರ್ಚು ಮೂರು ಟೈಮರಿನದು ಮಾತ್ರ. ಸಿಸಿಟಿವಿಗೆ ಬೇರೆ ಲೈನ್ ಎಳೆದು ವರಾಂಡಕ್ಕೊಂದು ಸ್ವಿಚ್ಚು ಕೂಡಿಸುವ ಕೆಲಸಕ್ಕೆ ಮಾತ್ರ ಮೂರು ಕೊಟೇಶನ್ ಬೇಕೆಂದು ಕಡತ ಇನ್ನೂ ಮೇಜಿನ ಮೇಲಿದೆ. ಒಂದು ಕೊಟೇಶನ್ ಬಂದಿದೆಯಂತೆ.

— ನಿವೃತ್ತ ಪಾಲಿಟೆಕ್ನಿಕ್ ಉಪನ್ಯಾಸಕ, ಧಾರವಾಡ